ಶಿಲೆಯೊಳಗಣ ಫ್ಲೋರೀನೂ ಬಾವಿಯ ನೀರೂ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಪೂರ್ವದಿಂದಲೂ ಕೆರೆಕಟ್ಟೆಗಳಿಗೆ ಹೆಸರಾದ ಸೀಮೆ. ಕದಂಬ ದೊರೆಯಾದ ಕಾಕುಸ್ಥವರ್ಮನು ತಾಳಗುಂದದಲ್ಲಿ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯು ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದಿರುವ ಐದನೆಯ ಶತಮಾನದ ಕಂಬದ ಶಾಸನದಿಂದ ತಿಳಿದುಬರುತ್ತದೆ. ಅಂದಿನಿಂದ ಬಹುಕಾಲದವರೆಗೆ ಈ ಸೀಮೆಯ ಜನರೂ ದನಕರುಗಳೂ ಕುಡಿಯುತ್ತಿದ್ದುದು ಮೇಲ್ಮಟ್ಟದ ನೀರನ್ನೇ. ಅದು ಕೆರೆಯಲ್ಲಿ ನಿಂತ ಮಳೆಯ ನೀರು, ಹಳ್ಳದಲ್ಲಿ ಹರಿದ ನೀರು, ಇಲ್ಲವೆ ತೋಡುಬಾವಿಯ ಮಣ್ಣಿನೊಳಗಿಂದ ಜಿನುಗಿದ ನೀರಾಗಿತ್ತು.

ಈಗಿನ ಸ್ಥಿತಿಯೇ ಬೇರೆ. ಗದ್ದೆಯ ಬಯಲುಗಳಲ್ಲಿಯೂ ಮಕ್ಕಿಯ ಭೂಮಿಯಲ್ಲಿಯೂ ಅಡಕೆಯ ತೋಟಗಳು ಎದ್ದಿವೆ. ಬೇಸಗೆಯಲ್ಲಿ ಅವುಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಕೊಳವೆಬಾವಿಗಳನ್ನು ನೂರಾರು ಅಡಿ ಆಳಕ್ಕೆ ಕೊರೆಯಿಸುವುದು ವಾಡಿಕೆಯಾಗಿದೆ. ತೋಟಕ್ಕೆಂದು ತೆಗೆದ ಆ ನೀರೇ ಅನೇಕ ಕಡೆಗಳಲ್ಲಿ ಅಡಿಗೆಮನೆಯ ಕೊಡವನ್ನೂ ಕೊಟ್ಟಿಗೆಯ ತೊಟ್ಟಿಯನ್ನೂ ತುಂಬುತ್ತದೆ. ಮೇಲ್ಮಟ್ಟದ ನೀರಿಗೂ ಈ ಆಳದ ನೀರಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಆಳದ ನೀರು ಗಟ್ಟಿಯಾದ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಆ ಶಿಲೆಯಲ್ಲಿರುವ ಪದಾರ್ಥಗಳನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಂಡಿರುತ್ತದೆ. ಹಾಗೆ ಕರಗಿ ಬರುವ ಪದಾರ್ಥಗಳಲ್ಲಿ ಫ್ಲೋರೀನ್ ಎಂಬುದೂ ಒಂದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಅಳೆದು ನೋಡಿದ ಹೊರತು ಅದು ಇದೆಯೇ ಇಲ್ಲವೇ ಎಂಬುದು ಯಾರಿಗೂ ತಿಳಿಯಲಾರದು. ಶಿಲೆಯಲ್ಲಿರುವ ಫ್ಲೋರೀನನ್ನು ರಾಸಾಯನಿಕ ಪೃಥಕ್ಕರಣದಿಂದ ಅಳೆಯುವ ಬಗೆ ಯಾವುದು, ಆ ಅಳತೆಯಿಂದ ಗ್ರಾಮಸ್ಥರಿಗೆ ತಿಳಿಯುವುದೇನು, ತಿಳಿಯದೆ ಉಳಿಯುವುದೇನು ಎಂಬ ಸಂಗತಿಗಳನ್ನು ಗ್ರಾಮಪ್ರಮುಖರೂ ಜಮೀನುದಾರರೂ ಅರಿತಿರುವುದು ಅವಶ್ಯಕ.

ಫ್ಲೋರೀನೆಂದರೇನು?

ಫ್ಲೋರೀನ್ ಒಂದು ಮೂಲವಸ್ತು. ಬಿಡಿಯಾಗಿ ದೊರೆತರೆ ಅದು ತೆಳುಹಳದಿ ಬಣ್ಣದ, ಅತ್ಯಂತ ಉಗ್ರವಾದ ಅನಿಲ. ಅದು ಬೇರೆ ಪದಾರ್ಥಗಳೊಡನೆ ಕೂಡಿಕೊಳ್ಳುವ ಆತುರವುಳ್ಳದ್ದಾದುದರಿಂದ ಅದನ್ನು ಬೇರ್ಪಡಿಸುವ ಯತ್ನದಲ್ಲಿ ಹಲವು ರಸಾಯನಶಾಸ್ತ್ರಜ್ಞರು ಅಪಾಯಕ್ಕೆ ಗುರಿಯಾದರು. ಕೊನೆಗೆ ೧೮೮೬ರಲ್ಲಿ ಫ್ರಾನ್ಸ್ ದೇಶದ ಆನ್ರಿ ಮ್ವಾಸಾನ್ ಎಂಬ ವಿದ್ವಾಂಸನು ಅದನ್ನು ಬೇರ್ಪಡಿಸಿದನು. ೧೯೦೬ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಭೂಮಿಯಲ್ಲಿ ಫ್ಲೋರೀನು ಯಾವಾಗಲೂ ಬೇರೆ ಧಾತುಗಳೊಡನೆ ಕೂಡಿಯೇ ಇರುವುದು. ಫ್ಲೂರ್‌ಸ್ಪಾರ್ ಎಂಬ ಖನಿಜದಲ್ಲಿ ಅದು ಕ್ಯಾಲ್ಸಿಯಂ ಎಂಬ ಸುಣ್ಣದ ಧಾತುವಿನೊಡನೆ ಸೇರಿದ್ದು, ಆ ಖನಿಜದ ತೂಕದಲ್ಲಿ ನೂರಕ್ಕೆ ಸುಮಾರು ೪೮.೭ ಭಾಗವಾಗಿರುತ್ತದೆ. ರಂಜಕವುಳ್ಳ ಅಪಟೈಟ್ ಎಂಬ ಖನಿಜದಲ್ಲಿ ನೂರಕ್ಕೆ ೩.೮ ಭಾಗದವರೆಗೂ ಇರಬಹುದು. ಹಳ್ಳಿಯವರು ಕಾಗೆಬಂಗಾರವೆಂದು ಕರೆಯುವ ಅಭ್ರಕದಲ್ಲಿ, ಅದರಲ್ಲಿಯೂ ಕಪ್ಪು ಜಾತಿಯದರಲ್ಲಿ, ಮತ್ತು ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜದಲ್ಲಿ ಅದು ಅಲ್ಪಪ್ರಮಾಣದಲ್ಲಿ ಅಡಗಿರುತ್ತದೆ. ಬಿಳಿಯ ಬೆಣಚುಕಲ್ಲಿನಲ್ಲಿ ಫ್ಲೋರೀನಿಗೆ ಸ್ಥಾನವಿಲ್ಲವೆಂದೇ ಹೇಳಬಹುದು.

ಮಿತವಾದ ಫ್ಲೋರೀನು ಹಲ್ಲಿಗೆ ಹಿತವಾದರೂ ಮಿತಿಮೀರಿದರೆ ಅಹಿತ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ೧ ಮಿಲಿಗ್ರಾಂ ಮೀರದಿರುವುದು ಲೇಸೆಂದೂ, ಬೇರೆ ನೀರು ದೊರೆಯದ ಕಡೆಯಲ್ಲಿ ಮಾತ್ರ ೧.೫ ಮಿಲಿಗ್ರಾಂವರೆಗೆ ಒಪ್ಪಬಹುದೆಂದೂ ಭಾರತೀಯ ಮಾನಕ ಸಂಸ್ಥೆಯವರು ಗೊತ್ತುಮಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯವರು ವಿಧಿಸಿರುವ ಮಿತಿಯೂ ೧.೫ ಮಿಲಿಗ್ರಾಂ. ಇದಕ್ಕೆ ಮೀರಿದ ನೀರನ್ನು ಬಾಲ್ಯದಲ್ಲಿ ಕುಡಿದವರ ಹಲ್ಲುಗಳಲ್ಲಿ ಸುಣ್ಣದಂತಹ ಬಿಳಿ ಮಚ್ಚೆಗಳೂ ಕಂದು ಪಟ್ಟೆಗಳೂ ಮೂಡುತ್ತವೆ. ಪ್ರಮಾಣವು ಇನ್ನೂ ಹೆಚ್ಚಾಗಿದ್ದು ಬಹುವರ್ಷ ಕುಡಿದರೆ ಬೆನ್ನೆಲುಬೂ ಕೀಲುಗಳೂ ಬಿಗಿದು ಬಗ್ಗಲಾರದಂತಾಗುತ್ತವೆ. ಹೀಗೆ ಕೆಟ್ಟ ಎಲುಬನ್ನು ಸರಿಪಡಿಸುವ ಔಷಧವಿಲ್ಲ. ಮೊದಲೇ ಎಚ್ಚರವಾಗಿರುವುದೊಂದೇ ಮಾರ್ಗ.

ಮೊದಲು ಎಚ್ಚರಿಸಿದುದು ದನಗಳು

ಭಾರತದಲ್ಲಿ ಈ ವ್ಯಾಧಿಯು ಮೊದಲು ದನಗಳಲ್ಲಿ ಕಂಡುಬಂದಿತೆಂಬುದು ರೈತರು ನೆನಪಿನಲ್ಲಿಡತಕ್ಕ ವಿಷಯ. ಆಗಿನ ಮದರಾಸು ಆಧಿಪತ್ಯದ ತೆಲುಗು ಸೀಮೆಯಲ್ಲಿ ಎತ್ತುಗಳು ಕಾಲು ಬಿಗಿದು ಉಳುಮೆಗೆ ಬಾರದಾದುವು. ೧೯೩೫ರಲ್ಲಿ ವಿಶ್ವನಾಥನ್ ಎಂಬವರು ಈ ಪಶುರೋಗವನ್ನು ವರದಿಮಾಡಿದರು. ೧೯೩೭ರಲ್ಲಿ ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು ನೆಲ್ಲೂರು ಜಿಲ್ಲೆಯ ಜನರಲ್ಲಿಯೂ ಇದೇ ವ್ಯಾಧಿಯಿರುವುದನ್ನು ಪ್ರಕಟಿಸಿ, ಬಾವಿಯ ನೀರಿನಲ್ಲಿರುವ ಫ್ಲೋರೀನೇ ಕಾರಣವೆಂದು ತೋರಿಸಿದರು.

ಹಲ್ಲು ನೋಡಿ ಎತ್ತಿನ ವಯಸ್ಸನ್ನು ಹೇಳುವ ರೂಢಿ ರೈತರಲ್ಲಿ ಎಲ್ಲೆಡೆಯೂ ಉಂಟು. ಅದೇ ಕಣ್ಣನ್ನು ಈ ಪರೀಕ್ಷೆಗೂ ಉಪಯೋಗಿಸಬಹುದು. ಕೆಳದವಡೆಯ ಮುಂಬಲ್ಲುಗಳಲ್ಲಿ ಕಂದು ಇಲ್ಲವೆ ಕಪ್ಪು ಕಲೆಗಳಿರುವುದು, ವಯಸ್ಸಿಗೆ ಮೀರಿ ಹಲ್ಲು ಸವೆದಿರುವುದು, ಕಾಲಿನ ಎಲುಬಿನ ಮೇಲೆ ಗಂಟುಗಳೇಳುವುದು, ಪೆಟ್ಟು ತಗಲದೆಯೂ ಕುಂಟುವುದು, ಮೇವನ್ನು ಸರಿಯಾಗಿ ಅಗಿಯಲಾರದೆ ಬಡಕಲಾಗುವುದು: ಇವು ಸಂಶಯಕ್ಕೆ ಎಡೆಗೊಡುವ ಲಕ್ಷಣಗಳು. ಆದರೆ ಹಲ್ಲಿನ ಕಲೆಯು ಹಲ್ಲು ದವಡೆಯೊಳಗೆ ಬೆಳೆಯುವ ಕಾಲದಲ್ಲಿ ಕುಡಿದ ನೀರಿನಿಂದ ಮಾತ್ರ ಆಗುವುದು. ಆದುದರಿಂದ ಸಂತೆಯಿಂದ ತಂದ ಬಲಿತ ಎತ್ತಿನ ಹಲ್ಲನ್ನು ನೋಡಿ ಊರಿನ ನೀರಿನ ಗುಣವನ್ನು ಹೇಳಲಾಗದು. ಆ ಊರಿನಲ್ಲಿಯೇ ಹುಟ್ಟಿ, ಆ ಬಾವಿಯ ನೀರನ್ನೇ ಕುಡಿದು ಬೆಳೆದ ಕರುಗಳ ಹಲ್ಲನ್ನು ನೋಡಬೇಕು. ದನಗಳ ನೀರಿನಲ್ಲಿ ಲೀಟರಿಗೆ ೨ ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುವುದು ಲೇಸು.

ಹಾಗೆಂದು ಕೀಲುನೋವುಗಳೆಲ್ಲಕ್ಕೂ ಫ್ಲೋರೀನೇ ಕಾರಣವೆಂದು ನಿಶ್ಚಯಿಸಕೂಡದು. ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ೧೯೭೦ರ ದಶಕದಲ್ಲಿ ಬೆಳಕಿಗೆ ಬಂದ ಎಲುಬು-ಕೀಲುಗಳ ವ್ಯಾಧಿಗೆ ಮೊದಲು ನಾನಾ ಕಾರಣಗಳನ್ನು ಊಹಿಸಲಾಗಿದ್ದಿತು. ತಜ್ಞರು ಪರಿಶೋಧಿಸಿದ ಮೇಲೆ ಅದು ವಂಶಪಾರಂಪರ್ಯವಾಗಿ ಬರುವ ಬೇರೆಯೇ ವ್ಯಾಧಿಯೆಂದು ಗೊತ್ತಾಯಿತು. ಊಹೆಯಿಂದ ಬಾವಿಯನ್ನು ದೂಷಿಸುವುದೂ ತಪ್ಪು, ಊಹೆಯಿಂದ ಬಾವಿಯನ್ನು ನಂಬುವುದೂ ತಪ್ಪು. ಎರಡಕ್ಕೂ ಪರಿಹಾರವು ಅಳತೆಯೇ.

ಈ ಸೀಮೆಯ ಶಿಲೆಗಳು

೧೮೯೪ರಲ್ಲಿ ಸ್ಥಾಪಿತವಾದ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯವರು ಸಂಸ್ಥಾನದ ಶಿಲೆಗಳನ್ನು ಕ್ರಮವಾಗಿ ಪರಿಶೋಧಿಸಿ ನಕ್ಷೆಗಳನ್ನು ಸಿದ್ಧಪಡಿಸಿದರು. ಈ ಸೀಮೆಯ ಶಿಲೆಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಒಂದನೆಯದು ಧಾರವಾಡ ವರ್ಗದ ಪದರಕಲ್ಲುಗಳು. ಪ್ರಾಚೀನ ಕಾಲದ ಕೆಸರು, ಮರಳು, ಜ್ವಾಲಾಮುಖಿಯ ರಸ ಮೊದಲಾದುವು ಒತ್ತಡಕ್ಕೂ ಉಷ್ಣಕ್ಕೂ ಸಿಕ್ಕಿ ಇವು ಆಗಿರುತ್ತವೆ. ಶಿವಮೊಗ್ಗದ ಹೆಸರಿನಿಂದಲೇ ಕರೆಯಲ್ಪಡುವ ಇವುಗಳ ದೊಡ್ಡ ಪಟ್ಟಿಯೊಂದು ಈ ಭಾಗದಲ್ಲಿ ಹಾದುಹೋಗುತ್ತದೆ. ಎರಡನೆಯದು ನೈಸ್ ಎಂಬ ಪಟ್ಟೆಪಟ್ಟೆಯಾದ ಗಟ್ಟಿಕಲ್ಲು ಮತ್ತು ಅದರೊಡನಿರುವ ಗ್ರಾನೈಟ್. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ನುಣುಪಾದ ಬಳಪದ ಕಲ್ಲನ್ನೂ, ಮನೆಯ ಮೆಟ್ಟಲಿಗೆ ಹಾಕುವ ಗಡುಸಾದ ಗ್ರಾನೈಟ್ ಚಪ್ಪಡಿಯನ್ನೂ ಕೈಯಿಂದ ಮುಟ್ಟಿ ನೋಡಿದವರಿಗೆ ಕಲ್ಲೆಲ್ಲವೂ ಒಂದೇ ಅಲ್ಲವೆಂಬುದು ತಾನೇ ತಿಳಿಯುವುದು.

ಚಂದ್ರಗುತ್ತಿಯ ಬೆಟ್ಟದಂತೆ ಬಂಡೆಯು ಎಲ್ಲ ಕಡೆಯಲ್ಲಿಯೂ ಕಣ್ಣಿಗೆ ಕಾಣಿಸುವುದಿಲ್ಲ. ಸೊರಬದ ಪಶ್ಚಿಮಭಾಗದಲ್ಲಿ ಅನೇಕ ಕಡೆ ಮೂಲಶಿಲೆಯ ಮೇಲೆ ಜಂಬಿಟ್ಟಿಗೆಯ ಹೊದಿಕೆಯುಂಟು. ಭಾರಿ ಮಳೆಯಲ್ಲಿ ಯುಗಯುಗಾಂತರ ತೊಳೆದುಹೋಗಿ ಉಳಿದ ಪದಾರ್ಥವೇ ಜಂಬಿಟ್ಟಿಗೆ. ಸುಲಭವಾಗಿ ಕರಗತಕ್ಕವು ಅದರಿಂದ ಬಹುಮಟ್ಟಿಗೆ ಕರಗಿಹೋಗಿರುತ್ತವೆ. ಮಳೆಯೂ ಪಶ್ಚಿಮದಿಂದ ಪೂರ್ವಕ್ಕೆ ಬರುಬರುತ್ತ ಕಡಮೆಯಾಗುತ್ತದೆ. ಸೊರಬದ ಮಲೆಗಳಲ್ಲಿ ಬೀಳುವಷ್ಟು ಮಳೆ ಶಿಕಾರಿಪುರದ ಪೂರ್ವದ ಬಯಲಿಗೆ ಬೀಳುವುದಿಲ್ಲ. ಮಳೆಯು ಹೇರಳವಾದ ಕಡೆಯಲ್ಲಿ ನೆಲದೊಳಗಿನ ನೀರು ವರ್ಷವರ್ಷವೂ ಹೊಸದಾಗುತ್ತದೆ. ಮಳೆಯು ಕಡಮೆಯಾದ ಕಡೆಯಲ್ಲಿ ಹಳೆಯ ನೀರು ಕಲ್ಲಿನೊಡನೆ ಹೆಚ್ಚು ಕಾಲ ನಿಲ್ಲುತ್ತದೆ. ಪಾವಗಡ, ಮುಂಡರಗಿ ಮೊದಲಾದ ಒಣಸೀಮೆಯ ತಾಲ್ಲೂಕುಗಳಲ್ಲಿ ಫ್ಲೋರೀನಿನ ಬಾಧೆ ಪ್ರಬಲವಾಗಿದ್ದು, ಮಲೆನಾಡಿನಲ್ಲಿ ಸಾಮಾನ್ಯವಾಗಿ ಅಲ್ಪವಾಗಿರುವುದಕ್ಕೆ ಇದು ಮುಖ್ಯವಾದ ಕಾರಣ. ಆದರೆ ಈ ರಕ್ಷಣೆಯು ಮೇಲ್ಮಟ್ಟದ ನೀರಿಗೆ ಹೆಚ್ಚು, ಆಳದ ನೀರಿಗೆ ಕಡಮೆ ಎಂಬುದನ್ನು ಮರೆಯಕೂಡದು.

ಬೇರೆ ಬೇರೆ ಶಿಲೆಗಳಲ್ಲಿ ಸರಾಸರಿ ಎಷ್ಟು ಫ್ಲೋರೀನಿರುವುದೆಂಬ ವಿವರವನ್ನು ಟುರೆಕಿಯನ್ ಮತ್ತು ವೆಡೆಪೋಲ್ ಎಂಬ ಶಾಸ್ತ್ರಜ್ಞರು ೧೯೬೧ರಲ್ಲಿ ಪ್ರಕಟಿಸಿದರು. ಪ್ರಪಂಚದ ನಾನಾ ಕಡೆಯ ಶಿಲೆಗಳಿಗೆ ಅನ್ವಯಿಸುವ ಆ ಅಂಕಿಗಳು, ಒಂದು ಕಿಲೋಗ್ರಾಂ ಕಲ್ಲಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ, ಹೀಗಿವೆ:

ಕ್ಯಾಲ್ಸಿಯಂ ಕಡಮೆಯಾದ ಗ್ರಾನೈಟ್ — ೮೫೦
ಜೇಡಿಯ ಪದರಕಲ್ಲು — ೭೪೦
ಕ್ಯಾಲ್ಸಿಯಂ ಹೆಚ್ಚಾದ ಗ್ರಾನೈಟ್ — ೫೨೦
ಬಸಾಲ್ಟ್ ಎಂಬ ಕರಿಕಲ್ಲು — ೪೦೦
ಸುಣ್ಣಕಲ್ಲು — ೩೩೦
ಮರಳುಕಲ್ಲು — ೨೭೦

ಇವು ಸರಾಸರಿಗಳು ಮಾತ್ರ. ಫ್ಲೋರೀನಿನ ಬಾಧೆಗೆ ಹೆಸರಾದ ತೆಲಂಗಾಣದ ನಲ್ಗೊಂಡ ಸೀಮೆಯ ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಕಿಲೋಗ್ರಾಮಿಗೆ ೩೨೫ರಿಂದ ೩,೨೦೦ ಮಿಲಿಗ್ರಾಂವರೆಗೆ ಇರುವುದಾಗಿ ೧೯೯೩ರಲ್ಲಿ ಪ್ರಕಟವಾಯಿತು. ಒಂದೇ ಸೀಮೆಯಲ್ಲಿ, ಒಂದೇ ಜಾತಿಯ ಕಲ್ಲಿನಲ್ಲಿ ಹತ್ತುಪಾಲು ವ್ಯತ್ಯಾಸವಿರಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪೃಥಕ್ಕರಣದ ಕ್ರಮ

ಕಲ್ಲಿನಲ್ಲಿರುವ ಕಬ್ಬಿಣ ಅಥವಾ ಸುಣ್ಣವನ್ನು ಅಳೆಯುವುದಕ್ಕಿಂತ ಫ್ಲೋರೀನನ್ನು ಅಳೆಯುವುದು ಕಷ್ಟತರವಾದ ಕೆಲಸ. ಇದಕ್ಕೆ ಮೂರು ಕಾರಣಗಳುಂಟು. ಒಂದನೆಯದಾಗಿ, ಕಲ್ಲಿನ ಪುಡಿಯನ್ನು ಆಮ್ಲದೊಡನೆ ಕಾಯಿಸಿದರೆ ಫ್ಲೋರೀನು ಕಲ್ಲಿನ ಸಿಲಿಕಾಂಶದೊಡನೆ ಕೂಡಿ ಅನಿಲವಾಗಿ ಹಾರಿಹೋಗುತ್ತದೆ. ಎರಡನೆಯದಾಗಿ, ಫ್ಲೋರೀನಿನ ಆಮ್ಲವು ಗಾಜನ್ನು ತಿನ್ನುವುದರಿಂದ ಎಲ್ಲ ಪಾತ್ರೆಗಳೂ ಈ ಕೆಲಸಕ್ಕೆ ಬರುವುದಿಲ್ಲ. ಮೂರನೆಯದಾಗಿ, ಕಲ್ಲಿನಲ್ಲಿರುವ ಅಲ್ಯುಮಿನಿಯಂ ಮತ್ತು ಕಬ್ಬಿಣವು ಫ್ಲೋರೀನನ್ನು ತಮ್ಮೊಡನೆ ಬಿಗಿದಿಟ್ಟುಕೊಂಡು, ಅಳತೆಗೆ ಸಿಕ್ಕದಂತೆ ಮಾಡುತ್ತವೆ. ಹಳೆಯ ಕಾಲದ ಅನೇಕ ಶಿಲಾಪೃಥಕ್ಕರಣಗಳಲ್ಲಿ ಫ್ಲೋರೀನಿನ ಅಂಕಣವೇ ಇಲ್ಲದಿರುವುದು ಈ ತೊಡಕುಗಳಿಂದಲೇ.

ಈ ತೊಡಕನ್ನು ಬಿಡಿಸಿದವರಲ್ಲಿ ಅಮೆರಿಕೆಯ ವಿಲ್ಲರ್ಡ್ ಮತ್ತು ವಿಂಟರ್ ಎಂಬವರು ಮುಖ್ಯರು. ಹಾರಿಹೋಗುವ ಗುಣವನ್ನೇ ಅವರು ಉಪಾಯವಾಗಿ ಮಾಡಿಕೊಂಡರು. ೧೯೩೩ರಲ್ಲಿ ಅವರು ಪ್ರಕಟಿಸಿದ ಕ್ರಮದಲ್ಲಿ, ಮಾದರಿಯನ್ನು ಸಿಲಿಕದ ಸಮಕ್ಷಮದಲ್ಲಿ ಪರ್‌ಕ್ಲೋರಿಕ್ ಆಮ್ಲ ಅಥವಾ ಗಂಧಕಾಮ್ಲದೊಡನೆ ಸುಮಾರು ೧೩೫ ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಕಾಯಿಸಿ, ಹೊರಡುವ ಆವಿಯನ್ನು ಬಟ್ಟಿಯಿಳಿಸಿ ಹಿಡಿಯುತ್ತಾರೆ. ಕಲ್ಲಾದರೆ ಅದನ್ನು ಮೊದಲು ಸೋಡಾದೊಡನೆ ಕರಗಿಸಿಕೊಳ್ಳಬೇಕು. ಆವಿಯೊಡನೆ ಫ್ಲೋರೀನೆಲ್ಲವೂ ಬಂದುಬಿಡುತ್ತದೆ. ಅಲ್ಯುಮಿನಿಯಂ, ಕಬ್ಬಿಣ ಮೊದಲಾದುವು ಹಿಂದೆಯೇ ಉಳಿಯುತ್ತವೆ. ಬಟ್ಟಿಯಿಳಿದ ನೀರಿಗೆ ಅಲಿಝರಿನ್ ಎಂಬ ಬಣ್ಣವನ್ನು ಸ್ವಲ್ಪ ಸೇರಿಸಿ, ಥೋರಿಯಂ ನೈಟ್ರೇಟ್ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡುತ್ತಾರೆ. ಫ್ಲೋರೀನಿರುವವರೆಗೂ ಥೋರಿಯಂ ಅದರೊಡನೆ ಕೂಡುತ್ತಿರುತ್ತದೆ. ಅದು ಮುಗಿದೊಡನೆ ಹಳದಿಯ ನೀರು ನಸುಗೆಂಪಿಗೆ ತಿರುಗುತ್ತದೆ. ಎಷ್ಟು ತೊಟ್ಟು ಹಿಡಿಯಿತೆಂಬುದರಿಂದ ಫ್ಲೋರೀನಿನ ಪ್ರಮಾಣವನ್ನು ಗುಣಿಸಿ ತೆಗೆಯುತ್ತಾರೆ.

ಮುಂದೆ ೧೯೬೬ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬವರು ಲ್ಯಾಂಥನಂ ಫ್ಲೋರೈಡಿನ ಹರಳನ್ನು ತುದಿಯಲ್ಲಿ ಕೂಡಿಸಿದ ವಿದ್ಯುತ್ ಕಡ್ಡಿಯೊಂದನ್ನು ರಚಿಸಿದರು. ದ್ರಾವಣದಲ್ಲಿ ಅದನ್ನು ಅದ್ದಿದರೆ ಫ್ಲೋರೀನಿನ ಪ್ರಮಾಣಕ್ಕೆ ಅನುಗುಣವಾಗಿ ವಿದ್ಯುತ್ತಿನ ಒತ್ತಡವು ಹುಟ್ಟುತ್ತದೆ. ೨೫ ಡಿಗ್ರಿ ಉಷ್ಣದಲ್ಲಿ ಫ್ಲೋರೀನಿನ ಪ್ರಮಾಣವು ಹತ್ತುಪಾಲು ಬದಲಾದರೆ ಒತ್ತಡವು ಸುಮಾರು ೫೯ ಮಿಲಿವೋಲ್ಟ್ ಬದಲಾಗುತ್ತದೆ. ಈಗ ಪ್ರಯೋಗಶಾಲೆಗಳಲ್ಲಿ ಬಹುವಾಗಿ ನಡೆಯುವುದು ಈ ಕಡ್ಡಿಯ ಕ್ರಮ.

ಕಲ್ಲನ್ನು ಈ ಅಳತೆಗೆ ಸಿದ್ಧಪಡಿಸುವ ಬಗೆ ಹೀಗೆ: ಕಲ್ಲಿನ ಮೇಲಿನ ಕೊಳೆತ ಸಿಪ್ಪೆಯನ್ನು ತೆಗೆದು, ಒಳಗಿನ ಹಸಿಯ ಕಲ್ಲನ್ನು ಒಡೆದು, ಹಿಟ್ಟಿನಂತೆ ಅರೆದು ಜರಡಿಯಾಡಿಸುತ್ತಾರೆ. ಆ ಹಿಟ್ಟಿನಿಂದ ಒಂದು ಗ್ರಾಮಿಗೂ ಕಡಮೆ ತೂಕವನ್ನು ನಿಕ್ಕಲ್ ಮೂಸೆಯಲ್ಲಿ ಕಾಸ್ಟಿಕ್ ಸೋಡಾದೊಡನೆ ಸುಮಾರು ೬೦೦ ಡಿಗ್ರಿ ಉಷ್ಣದಲ್ಲಿ ಕರಗಿಸುತ್ತಾರೆ. ಕ್ಷಾರದಲ್ಲಿ ಕರಗಿಸುವುದರಿಂದ ಫ್ಲೋರೀನು ಹಾರಿಹೋಗುವುದಿಲ್ಲ. ಆರಿದ ಗಟ್ಟಿಯನ್ನು ನೀರಿನಲ್ಲಿ ಕದಡಿ, ಎಚ್ಚರಿಕೆಯಿಂದ ಆಮ್ಲ ಬೆರಸಿ ಕ್ಷಾರವನ್ನು ತಗ್ಗಿಸಿದರೆ, ಕಬ್ಬಿಣವೂ ಅಲ್ಯುಮಿನಿಯಮೂ ಬಹುಮಟ್ಟಿಗೆ ಗಸಿಯಾಗಿ ಕುಳಿತುಕೊಳ್ಳುತ್ತವೆ. ಸೋಸಿದ ತಿಳಿಗೆ ನೀರು ಬೆರಸಿ ಗೊತ್ತಾದ ಅಳತೆಗೆ ತರುತ್ತಾರೆ. ಉಳಿದ ಅಲ್ಯುಮಿನಿಯಂ ಫ್ಲೋರೀನನ್ನು ಬಿಟ್ಟುಕೊಡುವಂತೆ ಮಾಡುವ ದ್ರಾವಣವೊಂದನ್ನು ಸೇರಿಸಿ, ಆಮೇಲೆ ಕಡ್ಡಿಯನ್ನು ಅದ್ದುತ್ತಾರೆ. ಈ ದ್ರಾವಣಗಳನ್ನು ಗಾಜಿನ ಬದಲು ಪಾಲಿಥಿನ್ ಪಾತ್ರೆಗಳಲ್ಲಿ ಇಡುವುದೇ ವಿಹಿತ.

ಲೆಕ್ಕವು ಸುಲಭ. ಉದಾಹರಣೆಗೆ ಕಾಲು ಗ್ರಾಂ ಕಲ್ಲನ್ನು ಕರಗಿಸಿ ೧೦೦ ಮಿಲಿಲೀಟರ್ ದ್ರಾವಣ ಮಾಡಲಾಗಿ, ಆ ದ್ರಾವಣದಲ್ಲಿ ಲೀಟರಿಗೆ ೧.೫ ಮಿಲಿಗ್ರಾಂ ಫ್ಲೋರೀನ್ ಕಂಡಿತೆನ್ನೋಣ. ಆಗ ೧೦೦ ಮಿಲಿಲೀಟರಿನಲ್ಲಿರುವುದು ೦.೧೫ ಮಿಲಿಗ್ರಾಂ. ಅಷ್ಟೂ ಕಾಲು ಗ್ರಾಂ ಕಲ್ಲಿನಿಂದ ಬಂದುದರಿಂದ, ಒಂದು ಕಿಲೋಗ್ರಾಂ ಕಲ್ಲಿನಲ್ಲಿ ೬೦೦ ಮಿಲಿಗ್ರಾಂ ಎಂದಾಯಿತು.

ಅಳತೆಯನ್ನು ನಂಬುವುದು ಹೇಗೆ?

ಯಂತ್ರವು ತೋರಿಸಿದ ಅಂಕಿಯೆಲ್ಲವೂ ಸತ್ಯವೆಂದು ತಿಳಿಯಬಾರದು. ೧೯೫೧ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಒಂದು ವರದಿಯು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಎರಡು ಶಿಲೆಗಳ ಪುಡಿಯನ್ನು ಚೆನ್ನಾಗಿ ಬೆರಸಿ ಅನೇಕ ಪ್ರಯೋಗಶಾಲೆಗಳಿಗೆ ಹಂಚಿದಾಗ, ಸಿಲಿಕ ಮೊದಲಾದ ಸಾಮಾನ್ಯ ಅಂಶಗಳಲ್ಲಿಯೂ ಅವರ ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ಅಂದಿನಿಂದ, ಪ್ರಮಾಣವು ಮೊದಲೇ ಗೊತ್ತಿರುವ ಕಲ್ಲಿನ ಪುಡಿಯೊಂದನ್ನು ಹೊಸ ಮಾದರಿಗಳ ಜೊತೆಯಲ್ಲಿಯೇ ಪರೀಕ್ಷಿಸುವುದು ರೂಢಿಗೆ ಬಂದಿತು. ಗೊತ್ತಿರುವ ಕಲ್ಲಿಗೆ ಸರಿಯಾದ ಉತ್ತರ ಬಂದರೆ ಮಾತ್ರ ಗೊತ್ತಿಲ್ಲದ ಕಲ್ಲಿನ ಉತ್ತರವನ್ನು ಒಪ್ಪಬಹುದು. ಕಲ್ಲನ್ನೇ ಹಾಕದೆ ಬರಿಯ ಔಷಧಿಗಳನ್ನು ಪರೀಕ್ಷಿಸಿ, ಅವುಗಳಿಂದ ಬರುವ ಫ್ಲೋರೀನನ್ನು ಕಳೆಯುವುದೂ, ಒಂದೇ ಮಾದರಿಯನ್ನು ಎರಡಾವರ್ತಿ ಅಳೆಯುವುದೂ ಅಷ್ಟೇ ಅವಶ್ಯಕ. ಅಂಗಡಿಯ ತಕ್ಕಡಿಯನ್ನು ಮುದ್ರೆಯ ಬಟ್ಟಿನಿಂದ ಪರೀಕ್ಷಿಸುವಂತೆಯೇ ಇದು. ನೀರಿನ ಪರೀಕ್ಷೆಗೂ ಈ ನಿಯಮಗಳೇ ಅನ್ವಯಿಸುತ್ತವೆ.

ಕಲ್ಲಿನ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ

ಇಷ್ಟು ಶ್ರಮದಿಂದ ಕಲ್ಲಿನ ಅಳತೆ ದೊರೆತ ಮೇಲೆ, ಬಾವಿಯ ನೀರು ಹೇಗಿರುವುದೆಂದು ಅದರಿಂದಲೇ ಹೇಳಬಹುದೆಂದು ಕೆಲವರು ಭಾವಿಸಬಹುದು. ಇದು ಸರಿಯಲ್ಲ. ಕಲ್ಲಿನಲ್ಲಿರುವ ಫ್ಲೋರೀನು ಕಣಜದಲ್ಲಿರುವ ಭತ್ತದಂತೆ. ಅದರಲ್ಲಿ ಎಷ್ಟು ಹೊರಬೀಳುವುದೆಂಬುದು ಬಾಗಿಲನ್ನು ಅವಲಂಬಿಸಿದೆ.

ಒಂದು ಘನಮೀಟರ್ ಗಟ್ಟಿಕಲ್ಲು ಸುಮಾರು ೨,೬೫೦ ಕಿಲೋಗ್ರಾಂ ತೂಗುತ್ತದೆ. ಕಿಲೋಗ್ರಾಮಿಗೆ ೬೦೦ ಮಿಲಿಗ್ರಾಂ ಫ್ಲೋರೀನಿದ್ದರೆ ಅಷ್ಟು ಕಲ್ಲಿನಲ್ಲಿ ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು ಫ್ಲೋರೀನಿರುತ್ತದೆ. ಅದರಲ್ಲಿ ಸಾವಿರದಲ್ಲೊಂದು ಭಾಗವು ಮಾತ್ರ ಸಾವಿರ ಲೀಟರ್ ನೀರಿನಲ್ಲಿ ಕರಗಿದರೂ, ಆ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಂ ಮೀರುತ್ತದೆ. ಆದುದರಿಂದ ಸರಾಸರಿಯ ಕಲ್ಲೂ ನೀರನ್ನು ಕೆಡಿಸಲು ಸಾಕಾಗಬಹುದು. ಅದಕ್ಕಿಂತ ಹೆಚ್ಚು ಫ್ಲೋರೀನುಳ್ಳ ಕಲ್ಲೂ, ಕರಗುವಿಕೆಯು ನಿಧಾನವಾದರೆ, ಒಳ್ಳೆಯ ನೀರನ್ನೇ ಕೊಡಬಹುದು.

ಕರಗುವಿಕೆಯನ್ನು ನಿಶ್ಚಯಿಸುವ ಸಂಗತಿಗಳು ಮುಖ್ಯವಾಗಿ ಮೂರು. ಮೊದಲನೆಯದು ಕಾಲ, ನೀರು ಕಲ್ಲಿನೊಡನೆ ನಿಂತಷ್ಟೂ ಕರಗುವುದು ಹೆಚ್ಚು. ಎರಡನೆಯದು ನೀರಿನ ಕ್ಷಾರಗುಣ. ಸೋಡಾ ಕ್ಷಾರವು ಹೆಚ್ಚಾದ ನೀರು ಅಭ್ರಕ ಮೊದಲಾದವುಗಳಿಂದ ಫ್ಲೋರೀನನ್ನು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಮೂರನೆಯದು ಕ್ಯಾಲ್ಸಿಯಂ, ಅದು ಧಾರಾಳವಾಗಿರುವ ನೀರಿನಲ್ಲಿ ಫ್ಲೋರೀನು ಅದರೊಡನೆ ಕೂಡಿ ಮತ್ತೆ ಫ್ಲೂರ್‌ಸ್ಪಾರಾಗಿ ನಿಂತುಬಿಡುವುದರಿಂದ ನೀರಿನಲ್ಲಿ ಮಿತಿಮೀರಿ ಏರಲಾರದು. ಬಟ್ಟೆ ಒಗೆಯಲು ಸಾಬೂನು ಚೆನ್ನಾಗಿ ನೊರೆಗೊಡುವ ಮೆದುನೀರೇ ಒಳ್ಳೆಯ ನೀರೆಂಬ ನಂಬಿಕೆಯು ಈ ವಿಷಯದಲ್ಲಿ ಮೋಸಗೊಳಿಸಬಹುದು. ಕೊಳವೆಬಾವಿಯ ನೀರು ಆಳದಲ್ಲಿದ್ದೂ ಮೆದುವಾಗಿದ್ದರೆ ಅದನ್ನು ಪರೀಕ್ಷಿಸುವುದು ಹೆಚ್ಚು ಅವಶ್ಯಕ.

ಗಟ್ಟಿಕಲ್ಲಿನ ಸೀಮೆಯಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ನ್ಯಾರು ಗಜ ದೂರದ ಎರಡು ಕೊಳವೆಬಾವಿಗಳು ಬೇರೆ ಬೇರೆ ಬಿರುಕುಗಳಿಂದ ನೀರು ಪಡೆಯುತ್ತಿರಬಹುದು. ಆದುದರಿಂದ ನೆರೆಯವನ ಬಾವಿಯ ಪರೀಕ್ಷೆಯು ತನ್ನ ಬಾವಿಗೆ ಸಾಕ್ಷಿಯಾಗದು. ಕಲ್ಲಿನ ಅಳತೆಯು ಅಪಾಯವು ಎಲ್ಲಿರಬಹುದೆಂದು ದಿಕ್ಕು ತೋರಿಸುತ್ತದೆ. ಕುಡಿಯಬಹುದೇ ಎಂಬ ತೀರ್ಪನ್ನು ನೀರಿನ ಅಳತೆಯೇ ಕೊಡಬೇಕು.

ಗೊಬ್ಬರದ ಕಲ್ಲಿನ ವಿಷಯ

ರೈತರು ಹಣ ಕೊಟ್ಟು ಹೊಲಕ್ಕೆ ತರುವ ಒಂದು ಕಲ್ಲಿನಲ್ಲಿಯೂ ಫ್ಲೋರೀನುಂಟು. ರಂಜಕದ ಗೊಬ್ಬರವಾಗಿ ಮಾರಾಟವಾಗುವ ಶಿಲಾರಂಜಕವು ಅಪಟೈಟ್ ಜಾತಿಯದಾದುದರಿಂದ ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ ೩ರಿಂದ ೪ ಭಾಗ ಫ್ಲೋರೀನಿರುತ್ತದೆ. ಹುಳಿಮಣ್ಣಿನ ತೋಟಗಳಿಗೆ ಗೊಬ್ಬರವಾಗಿ ಹದವರಿತು ಹಾಕುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಆದರೆ ಎಲುಬಿನ ಪುಡಿಗೆ ಬದಲಾಗಿ ಈ ಕಲ್ಲಿನ ಪುಡಿಯನ್ನು ದನಗಳ ತಿಂಡಿಯಲ್ಲಿ ಬೆರಸುವುದು ಅಪಾಯಕರ. ದನಗಳಿಗೆ ಕೊಡುವ ಲವಣಮಿಶ್ರಣವು ಫ್ಲೋರೀನನ್ನು ತೆಗೆದ ರಂಜಕದಿಂದ ಮಾಡಿದುದಾಗಿರಬೇಕು. ಗೊಬ್ಬರದ ಚೀಲಗಳನ್ನು ಕೊಟ್ಟಿಗೆಯಲ್ಲಿ ದನಗಳು ನೆಕ್ಕುವಂತೆ ಇಡಲೂ ಕೂಡದು.

ಗ್ರಾಮಪ್ರಮುಖರು ಮಾಡತಕ್ಕ ಕೆಲಸಗಳು

ಗ್ರಾಮ ಪಂಚಾಯತಿಯ ಅಧ್ಯಕ್ಷರೂ ಊರಿನ ಹಿರಿಯರೂ ಜಮೀನುದಾರರೂ ಮನಸ್ಸು ಮಾಡಿದರೆ ಈ ಕೆಲಸಕ್ಕೆ ಹೆಚ್ಚಿನ ವೆಚ್ಚವಿಲ್ಲ. ಮುಂದೆ ಹೇಳುವ ಕ್ರಮವನ್ನು ಅನುಸರಿಸಬಹುದು.

೧. ಊರಿನಲ್ಲಿ ಕುಡಿಯುವುದಕ್ಕೆ ಉಪಯೋಗಿಸುವ ಪ್ರತಿಯೊಂದು ಕೊಳವೆಬಾವಿ, ತೋಡುಬಾವಿಗಳ ಪಟ್ಟಿಯನ್ನು ಬರೆದಿಡಬೇಕು. ಬಾವಿಯ ಆಳ, ನೀರು ಸಿಕ್ಕಿದ ಆಳ, ಕೊರೆದ ವರ್ಷ ಇವು ಪಟ್ಟಿಯಲ್ಲಿರಬೇಕು. ತೋಟದ ಬಾವಿಯಾದರೂ ಕೂಲಿಯವರು ಅದರ ನೀರನ್ನು ಕುಡಿಯುವುದಾದರೆ ಅದನ್ನೂ ಸೇರಿಸಬೇಕು.

೨. ನೀರಿನ ಮಾದರಿಯನ್ನು ಶುದ್ಧವಾದ ಪಾಲಿಥಿನ್ ಸೀಸೆಯಲ್ಲಿ ಹಿಡಿಯಬೇಕು. ಪಂಪನ್ನು ಹತ್ತು ಹದಿನೈದು ನಿಮಿಷ ನಡೆಸಿ, ಕೊಳವೆಯಲ್ಲಿ ನಿಂತ ನೀರು ಹೋದ ಮೇಲೆ, ಸೀಸೆಯನ್ನು ಅದೇ ನೀರಿನಿಂದ ಮೂರಾವರ್ತಿ ತೊಳೆದು ತುಂಬಬೇಕು. ಊರು, ಬಾವಿಯ ಗುರುತು, ಆಳ, ತಾರೀಖು ಇವುಗಳನ್ನು ಸೀಸೆಯ ಮೇಲೆ ಬರೆಯಬೇಕು.

೩. ವರ್ಷಕ್ಕೆ ಎರಡಾವರ್ತಿ, ಎಂದರೆ ಬೇಸಗೆಯ ಕೊನೆಯಲ್ಲಿಯೂ ಮಳೆಗಾಲವು ಮುಗಿದ ಮೇಲೆಯೂ, ಮಾದರಿಯನ್ನು ಪರೀಕ್ಷೆಗೆ ಕಳುಹಿಸಬೇಕು. ಮಳೆ ತುಂಬಿದ ಕಾಲದ ಒಂದೇ ಪರೀಕ್ಷೆಯನ್ನು ನೆಚ್ಚಕೂಡದು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಶಾಲೆಗಳಲ್ಲಿ ಇಂತಹ ಪರೀಕ್ಷೆ ನಡೆಯುತ್ತದೆ. ಬಣ್ಣ ನೋಡಿ ಹೇಳುವ ಚಿಕ್ಕ ಪೆಟ್ಟಿಗೆಯ ಪರೀಕ್ಷೆಯು ಮೊದಲ ಸುಳಿವಿಗೆ ಮಾತ್ರ ಸಾಕು. ಅದು ಸಂಶಯ ತೋರಿಸಿದರೆ ಪ್ರಯೋಗಶಾಲೆಯ ಅಳತೆ ಆಗಲೇಬೇಕು.

೪. ಹೊಸದಾಗಿ ಕೊರೆಯಿಸುವಾಗ ಹೊರಬರುವ ಕಲ್ಲಿನ ಪುಡಿಯನ್ನು ಐವತ್ತು ಅಡಿಗೊಮ್ಮೆ ಒಂದೊಂದು ಬಟ್ಟೆಯ ಚೀಲದಲ್ಲಿ ಸುಮಾರು ಒಂದು ಕಿಲೋಗ್ರಾಮಿನಷ್ಟು ಕಟ್ಟಿ, ಆಳವನ್ನು ಬರೆದಿಡಬೇಕು. ನೀರು ಕೆಟ್ಟದ್ದೆಂದು ಕಂಡುಬಂದರೆ, ಯಾವ ಮಟ್ಟದ ಕಲ್ಲು ಸಂಶಯಾಸ್ಪದವೆಂಬುದನ್ನು ಭೂವಿಜ್ಞಾನಿಗಳು ಈ ಪುಡಿಗಳ ಪೃಥಕ್ಕರಣದಿಂದ ಪರಿಶೀಲಿಸಬಲ್ಲರು. ಕೊರೆಯುವ ದಿನ ಚೆಲ್ಲಿಹೋದ ಪುಡಿಯು ಮತ್ತೆ ದೊರೆಯಲಾರದು.

೫. ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಬಾವಿಯ ಬಳಿ ಎಲ್ಲರಿಗೂ ಕಾಣುವಂತೆ ಬರೆಯಿಸಬೇಕು. ಬಾವಿಯು ಯಾರದೆಂಬ ದಾಕ್ಷಿಣ್ಯದಿಂದ ಫಲಿತಾಂಶವನ್ನು ಮುಚ್ಚಿಡುವುದು ಮಕ್ಕಳಿಗೆ ಮಾಡುವ ದ್ರೋಹ.

ಪ್ರಮಾಣವು ಹೆಚ್ಚಾಗಿ ಕಂಡರೆ

ಮೊದಲು ಮಾಡಬೇಕಾದುದು, ಆ ನೀರನ್ನು ಕುಡಿಯುವುದಕ್ಕೂ ಅಡಿಗೆಗೂ ಉಪಯೋಗಿಸುವುದನ್ನು ನಿಲ್ಲಿಸುವುದು. ಸ್ನಾನ, ಬಟ್ಟೆ ಒಗೆತಗಳಿಗೆ ಅಡ್ಡಿಯಿಲ್ಲ. ಕಾಯಿಸಿ ಕುಡಿದರೆ ದೋಷ ಹೋಗುವುದೆಂಬುದು ತಪ್ಪು ತಿಳಿವಳಿಕೆ. ಕಾಯಿಸಿದಾಗ ನೀರು ಆವಿಯಾಗಿ ಕಡಮೆಯಾಗುವುದರಿಂದ ಉಳಿದ ನೀರಿನಲ್ಲಿ ಫ್ಲೋರೀನು ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ.

ನಾಗಪುರದ ನೀರಿ ಸಂಸ್ಥೆಯವರು ೧೯೭೦ರ ದಶಕದಲ್ಲಿ ರೂಪಿಸಿದ, ನಲ್ಗೊಂಡದ ಹೆಸರಿನಿಂದಲೇ ಪ್ರಸಿದ್ಧವಾದ ಕ್ರಮದಲ್ಲಿ, ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ಗೊತ್ತಾದ ಪ್ರಮಾಣದಲ್ಲಿ ಬೆರಸಿ, ಗಸಿ ಕುಳಿತ ಮೇಲೆ ತಿಳಿಯನ್ನು ತೆಗೆದುಕೊಳ್ಳುತ್ತಾರೆ. ಪ್ರಮಾಣವನ್ನು ನೀರಿನ ಪರೀಕ್ಷೆಗೆ ಅನುಸಾರವಾಗಿ ತಿಳಿದವರೇ ಗೊತ್ತುಮಾಡಬೇಕು. ಸಂಸ್ಕರಿಸಿದ ಅಲ್ಯುಮಿನದ ಸೋಸುಕಗಳೂ, ಒತ್ತಡದಿಂದ ಶುದ್ಧಿಮಾಡುವ ಯಂತ್ರಗಳೂ ಉಂಟು. ಅವುಗಳನ್ನು ಕಾಲಕಾಲಕ್ಕೆ ದುರಸ್ತು ಮಾಡಿಸದಿದ್ದರೆ ಇದ್ದೂ ಇಲ್ಲದಂತೆ.

ಆದರೆ ಈ ಎರಡು ತಾಲ್ಲೂಕುಗಳಿಗೆ ಇವೆಲ್ಲಕ್ಕಿಂತ ಸುಲಭವಾದ ಮಾರ್ಗವೊಂದುಂಟು. ಒಣಸೀಮೆಯವರಿಗೆ ದೊರೆಯದ ಮಳೆಯು ಇಲ್ಲಿಯವರಿಗೆ ದೊರೆಯುತ್ತದೆ. ಹೆಂಚಿನ ಮಾಡಿನಿಂದ ಇಳಿಯುವ ನೀರನ್ನು, ಮೊದಲ ಮಳೆಗಳನ್ನು ಬಿಟ್ಟು, ಶುಚಿಯಾದ ತೊಟ್ಟಿಯಲ್ಲಿ ಹಿಡಿದರೆ ಅದರಲ್ಲಿ ಫ್ಲೋರೀನು ಇಲ್ಲವೆನ್ನುವಷ್ಟು ಅಲ್ಪ. ಬಳಕೆ ತಪ್ಪಿ ಮುಚ್ಚಿಹೋದ ತೋಡುಬಾವಿಗಳನ್ನು ಹೂಳು ತೆಗೆದು, ಕಟ್ಟೆ ಕಟ್ಟಿಸಿ, ನೀರನ್ನು ಪರೀಕ್ಷಿಸಿ ಕುಡಿಯುವುದಕ್ಕೆ ಮೀಸಲಿಡಬಹುದು. ಮೇಲ್ಮಟ್ಟದ ನೀರಿನಲ್ಲಿ ರೋಗಕ್ರಿಮಿಗಳ ಭಯವಿರುವುದರಿಂದ ಅದನ್ನು ಮಾತ್ರ ತಪ್ಪದೆ ಕಾಯಿಸಿ ಕುಡಿಯಬೇಕು. ಕೆರೆಗಳ ಹೂಳೆತ್ತಿದರೆ ಮಳೆಯ ನೀರು ನೆಲಕ್ಕಿಳಿದು ಆಳದ ಹಳೆಯ ನೀರೂ ತೆಳುವಾಗುತ್ತದೆ. ಆಳದ ನೀರನ್ನು ತೋಟಕ್ಕೂ, ಮೇಲಿನ ನೀರನ್ನು ಮನೆಗೂ ಕೊಟ್ಟಿಗೆಗೂ ಎಂದು ಬೇರೆಮಾಡಿಕೊಳ್ಳುವುದು ಅನುಕೂಲವಿದ್ದ ಕಡೆಯಲ್ಲೆಲ್ಲ ವಿವೇಕದ ಮಾರ್ಗ.

ಅಡಕೆಯ ಬೆಲೆಯನ್ನು ಪ್ರತಿವಾರವೂ ವಿಚಾರಿಸಿ ತಿಳಿಯುವ ಜಮೀನುದಾರರು, ತಮ್ಮ ಬಾವಿಯ ನೀರಿನಲ್ಲಿ ಫ್ಲೋರೀನು ಎಷ್ಟಿದೆಯೆಂಬ ಒಂದು ಅಂಕಿಯನ್ನೂ ವರ್ಷಕ್ಕೆ ಎರಡು ಸಲ ತಿಳಿದುಕೊಳ್ಳುವುದು ಭಾರವಾಗಲಾರದು. ಬರುವ ಬೇಸಗೆಯಲ್ಲಿ ಕೊಳವೆಬಾವಿ ಕೊರೆಯಿಸುವ ಯೋಚನೆಯುಳ್ಳವರು, ಯಂತ್ರವು ಊರಿಗೆ ಬರುವ ಮೊದಲೇ ಬಟ್ಟೆಯ ಚೀಲಗಳನ್ನೂ ಒಂದು ಶುದ್ಧವಾದ ಸೀಸೆಯನ್ನೂ ಸಿದ್ಧಮಾಡಿಟ್ಟುಕೊಳ್ಳತಕ್ಕದ್ದು.